ಹೊಸಬನಿಗೊಂದು ಸ್ಥಾನ

ಯಾದಗಿರಿ, ಶಹಾಪುರ, ಸುರಪುರಗಳ ದೊಡ್ಡ ಬೀದಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ನಡೆದುಹೋಗುವವನ ಕಣ್ಣಿಗೆ, ಬಟ್ಟೆಯಂಗಡಿಯದೋ ಬೀಜ-ಗೊಬ್ಬರದಂಗಡಿಯದೋ ಮೇಲಂತಸ್ತಿನಲ್ಲಿ, ಉಬ್ಬಿದ ತೋಳುಗಳ ಚಿತ್ರವುಳ್ಳ ಫಲಕವೊಂದು ಈಚೆಗೆ ಬೀಳದೆ ಇರುವುದಿಲ್ಲ. 2010ರಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿಯು ತಾನೇ ಜಿಲ್ಲೆಯಾದ ತರುವಾಯ ಇಲ್ಲಿ ಕಚೇರಿಗಳು ಹೆಚ್ಚಿದವು, ಕಚೇರಿಗಳೊಂದಿಗೆ ಕುರ್ಚಿಗಳು ಹೆಚ್ಚಿದವು, ಕುರ್ಚಿಗಳೊಂದಿಗೆ ನಡುವಿನ ಸುತ್ತಳತೆಯೂ ಹೆಚ್ಚಿತು. ಅದರ ಬೆನ್ನಿಗೇ ಜಿಮ್ಮುಗಳು ಬಂದವು. ಬಂದದ್ದು ಒಳ್ಳೆಯದೇ ಆಯಿತು. ಆದರೆ ಹೆಸರು ಬರೆಸಿ, ಮೂರು ತಿಂಗಳ ಶುಲ್ಕವನ್ನು ಮುಂಗಡವಾಗಿ ತೆತ್ತು, ಹೊಸ ಬೂಟು ಕೊಂಡು ಬಂದವರಲ್ಲಿ ಅನೇಕರು ಮೊದಲ ತಿಂಗಳು ತುಂಬುವ ಮುನ್ನವೇ ಕಾಣದಾಗುತ್ತಾರೆಂಬುದು ಜಿಮ್ಮು ನಡೆಸುವವರೂ ಒಪ್ಪುವ ಮಾತು. ಇದಕ್ಕೆ ಅವರು ಕೊಡುವ ಕಾರಣ ಆಲಸ್ಯ. ನನಗೆ ತೋರುವ ಕಾರಣ ಬೇರೆ. ಹೊಸಬನು ಸೋಮಾರಿತನದಿಂದ ಬಿಡುವುದು ಕಡಮೆ, ಸಂಕೋಚದಿಂದ ಬಿಡುವುದೇ ಹೆಚ್ಚು; ಮತ್ತು ಆ ಸಂಕೋಚದ ಹೊಣೆಯಲ್ಲಿ ಅವನ ಪಾಲಿಗಿಂತ, ಅವನನ್ನು ಬರಮಾಡಿಕೊಳ್ಳಲರಿಯದ ಸ್ಥಳದ ಪಾಲು ದೊಡ್ಡದು.

ನಮ್ಮ ಕಡೆಯ ಜಿಮ್ಮಿಗೆ ಬರುವವರು ಬಹುಮಟ್ಟಿಗೆ ಮೂರು ಬಗೆಯವರು. ಪೊಲೀಸ್ ನೇಮಕಾತಿಗೋ ಸೈನ್ಯಕ್ಕೋ ಸಿದ್ಧರಾಗುತ್ತಿರುವ ತರುಣರು ಮೊದಲನೆಯವರು. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು, 7.26 ಕಿಲೋ ತೂಕದ ಗುಂಡನ್ನು 5.60 ಮೀಟರು ಎಸೆಯಬೇಕು ಎಂಬ ಅಳತೆಗಳು ಇವರಿಗೆ ಮಗ್ಗಿಯಂತೆ ಬಾಯಿಗೆ ಬರುತ್ತವೆ. ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಜಾರಿಗೆ ಬಂದ ಮೇಲಂತೂ ಇವರ ಆಸೆಗೆ ಒಂದು ನೆಲೆಯೂ ದೊರಕಿದೆ. ತೋಳು ಎದೆಗಳ ಸೊಗಸಿಗಾಗಿ ಬರುವ ಹುಡುಗರು ಎರಡನೆಯವರು; ಅವರ ಪ್ರಶ್ನೆ ಒಂದೇ: ‘ಎಷ್ಟ್ ದಿನಕ್ಕ ಬಾಡಿ ಬರ್ತದ್ರಿ ಸರ್?’ ಇವರಿಬ್ಬರಿಗೂ ಗೆಳೆಯರ ಬಳಗವುಂಟು. ಗುಂಪಾಗಿ ಬಂದು ಗುಂಪಾಗಿ ಹೋಗುವವರಿಗೆ ಸಂಕೋಚದ ಬಾಧೆ ಅಷ್ಟಿಲ್ಲ. ಮೂರನೆಯವನು ಒಂಟಿ. ನಲವತ್ತು ದಾಟಿದ ಶಾಲಾ ಮಾಸ್ತರ, ಅಡತಿಯ ಗುಮಾಸ್ತ, ಬ್ಯಾಂಕಿನ ನೌಕರ. ರಕ್ತದಲ್ಲಿ ಸಕ್ಕರೆ ಕಂಡಿದೆ, ವೈದ್ಯರು ಚೀಟಿಯ ಕೊನೆಗೆ ‘ವ್ಯಾಯಾಮ’ ಎಂದು ಬರೆದಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದು ಲೆಕ್ಕ ಹಾಕಿತು. 2022ರ ಸ್ಥಿತಿಯನ್ನು ಕುರಿತ ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ ನಮ್ಮ ವಯಸ್ಕರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ಬೇಕಾದಷ್ಟು ದೇಹಶ್ರಮವಿಲ್ಲ. ಆದುದರಿಂದ ಜಿಮ್ಮಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಈ ಮೂರನೆಯವನಿಗೆ. ಅಲ್ಲಿ ನಿಲ್ಲಲಾರದೆ ಮೊದಲು ಹೊರಬೀಳುವವನೂ ಅವನೇ.

ಅವನ ಮೊದಲ ಸಂಜೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದೊಡನೆ ಅವನಿಗೆ ಎದುರಾಗುವುದು ಗೋಡೆಯ ಉದ್ದಗಲಕ್ಕೂ ಹೂಡಿದ ಕನ್ನಡಿ. ಅದರಲ್ಲಿ ಇಪ್ಪತ್ತು ಮಂದಿ ಬಲಿಷ್ಠರ ನಡುವೆ ತನ್ನ ಹೊಟ್ಟೆಯನ್ನು ಅವನು ಇದೇ ಮೊದಲ ಬಾರಿ ಕಂಡಂತೆ ಕಾಣುತ್ತಾನೆ. ಧ್ವನಿವರ್ಧಕದ ಹಾಡು ಎದೆಗೆ ಬಡಿಯುತ್ತಿರುತ್ತದೆ. ಟ್ರೇನರ್ ಎಂಬವನು ಹಣವನ್ನು ಫೋನಿನಲ್ಲಿ ಬರಮಾಡಿಕೊಂಡು, ‘ವಾರ್ಮಪ್ ಮಾಡ್ಕೊಳ್ರಿ ಸರ್’ ಎಂದು ಹೇಳಿ ಇನ್ನೊಬ್ಬನ ಕಡೆ ಹೋಗಿರುತ್ತಾನೆ. ವಾರ್ಮಪ್ ಎಂದರೆ ಎಷ್ಟು, ಯಾವುದು, ಎಲ್ಲಿ ನಿಂತು? ಅಪರಿಚಿತರ ಮದುವೆಯ ಊಟದ ಪಂಕ್ತಿಯಲ್ಲಿ ಎಲ್ಲಿ ಕೂಡಬೇಕೆಂದು ತಿಳಿಯದವನ ಹಾಗೆ ಅವನು ನೀರಿನ ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ ನಿಲ್ಲುತ್ತಾನೆ. ತಂತಿ-ಗಾಲಿಗಳ ಯಂತ್ರವೊಂದರ ಹತ್ತಿರ ಹೋಗಿ ಅದಕ್ಕೆ ಅಂಟಿಸಿದ ಚಿತ್ರವನ್ನು ಓದಿದವನಂತೆ ನಟಿಸುತ್ತಾನೆ. ತೂಕ ಬದಲಿಸುವ ಕಡ್ಡಿಯನ್ನು ಎಳೆದರೆ ಅದು ಬರುವುದಿಲ್ಲ. ಬಲವಾಗಿ ಎಳೆದರೆ ಸದ್ದಾದೀತೆಂಬ ಭಯ. ಬೆಂಚಿನ ಮೇಲಿನ ಕಬ್ಬಿಣದ ದೊಡ್ಡ ರಾಡಿಗೆ ಒಂದು ಪ್ಲೇಟನ್ನೂ ಹಾಕದಿದ್ದರೂ ಅದರ ತೂಕವೇ ಸಾಮಾನ್ಯವಾಗಿ 20 ಕಿಲೋ ಎಂಬುದನ್ನು ಯಾರೂ ಅವನಿಗೆ ಹೇಳಿರುವುದಿಲ್ಲ. ಹೇಳಿದ್ದರೆ ಬರಿಯ ರಾಡನ್ನು ಎತ್ತುವುದು ಅವಮಾನವೆಂದು ಬಗೆದು ಎರಡೂ ಕಡೆ ಪ್ಲೇಟು ಸಿಕ್ಕಿಸುವ ಸಾಹಸಕ್ಕೆ ಅವನು ಕೈಹಾಕುತ್ತಿರಲಿಲ್ಲ. ಕೊನೆಗೆ ಟ್ರೆಡ್‌ಮಿಲ್ಲಿನ ಮೇಲೆ ಇಪ್ಪತ್ತು ನಿಮಿಷ ನಡೆದು, ಇಷ್ಟೇ ನಡಿಗೆಯನ್ನು ಭೀಮಾ ನದಿಯ ಸೇತುವೆಯ ಮೇಲೆ ದುಡ್ಡಿಲ್ಲದೆ ನಡೆಯಬಹುದಿತ್ತಲ್ಲಾ ಎಂದುಕೊಳ್ಳುತ್ತ ಇಳಿದು ಹೋಗುತ್ತಾನೆ. ಈ ಮಾತನ್ನು ಅವನು ಸುಳ್ಳೆಂದು ತಿಳಿಯಲು ಕಾರಣವೇನೂ ಇಲ್ಲ.

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ಅವನ ಕಲ್ಪನೆಯನ್ನು ಮಾತ್ರ ನಾವು ಒಪ್ಪಬೇಕಾಗಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಪ್ರಯೋಗವೊಂದನ್ನು ಮಾಡಿ 2000ದಲ್ಲಿ ಪ್ರಕಟಿಸಿದರು: ಗಾಯಕನೊಬ್ಬನ ಮುಖವನ್ನು ಅಚ್ಚೊತ್ತಿದ, ತೊಟ್ಟವರಿಗೇ ನಾಚಿಕೆಯಾಗುವಂಥ ಅಂಗಿಯನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ ಇತರರು ಕುಳಿತಿದ್ದ ಕೋಣೆಯೊಳಕ್ಕೆ ಕಳುಹಿಸಿ, ಆ ಬಳಿಕ ಎಷ್ಟು ಜನ ಅಂಗಿಯ ಚಿತ್ರವನ್ನು ಗಮನಿಸಿರಬಹುದೆಂದು ಅವನನ್ನು ಕೇಳಿದರೆ, ಸುಮಾರು ಅರ್ಧದಷ್ಟು ಮಂದಿಯೆಂದು ಅವನ ಉತ್ತರ, ವಾಸ್ತವವಾಗಿ ಗಮನಿಸಿದವರು ಕಾಲುಭಾಗದಷ್ಟು. ನಮ್ಮ ಜಿಮ್ಮಿನಲ್ಲಿ ಆ ಕಾಲುಭಾಗವೂ ಇರಲಾರದೆಂದು ನನ್ನ ಊಹೆ. ಏಕೆಂದರೆ ಅಲ್ಲಿರುವ ಪ್ರತಿಯೊಬ್ಬನೂ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿರುತ್ತಾನೆ! ಆದರೆ ಯಾರೂ ತನ್ನನ್ನು ನೋಡುತ್ತಿಲ್ಲವೆಂಬ ಸಮಾಧಾನ ಅರ್ಧ ಸಮಾಧಾನವಷ್ಟೆ. ಹೊಸಬನಿಗೆ ಬೇಕಾದುದು ಒಬ್ಬನಾದರೂ ನೋಡುವುದು. ನೋಡಿ, ಹತ್ತಿರ ಬಂದು, ‘ಕಾಕಾ, ಬೆನ್ನ ಸೆಟಸ್ರಿ, ಉಸುರ ಹಿಡೀಬ್ಯಾಡ್ರಿ’ ಎಂದು ಹೇಳುವುದು.

ಇದನ್ನು ನಮ್ಮ ಹಿಂದಿನವರು ಬಲ್ಲವರಾಗಿದ್ದರು. ಈ ನಾಡು ಮೈಬಲವನ್ನು ಹೊಸದಾಗಿ ಕಲಿಯುತ್ತಿರುವ ನಾಡಲ್ಲ. 1705ರಲ್ಲಿ ಮುಪ್ಪಿನ ಔರಂಗಜೇಬನು ತಾನೇ ನಿಂತು ನಡೆಸಿದ ಕಟ್ಟಕಡೆಯ ಮುತ್ತಿಗೆ ಸುರಪುರದ ಪಕ್ಕದ ವಾಗಿನಗೇರಿಯದು; ಅಲ್ಲಿಯ ಬೇಡ ಪಡೆ ದಿಲ್ಲಿಯ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿತು. ಸುರಪುರದ ವೇಣುಗೋಪಾಲಸ್ವಾಮಿಯ ಜಾತ್ರೆಯಲ್ಲಿ, ಮೇಲಿನಿಂದ ನೀರು ಸುರಿಯುತ್ತಿರುವಾಗಲೇ, ಎತ್ತರದ ಜಾರುಗಂಬಗಳನ್ನು ತರುಣರು ಏರುವುದನ್ನು ಕಂಡವರಿಗೆ ಆ ಪರಂಪರೆಯ ಎಳೆ ಇನ್ನೂ ಕಡಿದಿಲ್ಲವೆಂಬುದು ತಿಳಿದೀತು. ಸಂಗ್ರಾಣಿ ಕಲ್ಲನ್ನು ಎತ್ತುವುದು, ಜೋಳದ ಚೀಲವನ್ನು ಹೆಗಲಿಗೇರಿಸುವುದು, ಜಂಗೀ ಕುಸ್ತಿ ಇವಿಲ್ಲದ ಜಾತ್ರೆಯನ್ನು ಈ ಸೀಮೆಯ ಹಿರಿಯರು ಜಾತ್ರೆಯೆಂದೇ ಎಣಿಸುವುದಿಲ್ಲ. ಇವೆಲ್ಲಕ್ಕೂ ಮೂಲವಾಗಿ ಊರೂರಿನಲ್ಲಿ ಒಂದು ತಾಲೀಮಖಾನೆ, ಒಂದು ಗರಡಿಮನೆ ಇರುತ್ತಿತ್ತು.

ಆ ಗರಡಿಮನೆಗೆ ಹೊಸ ಹುಡುಗನೊಬ್ಬನು ಬಂದಾಗ ಆಗುತ್ತಿದ್ದುದು ಏನು? ಬಾಗಿಲು ಗಿಡ್ಡದು, ಬಗ್ಗಿಯೇ ಒಳಹೊಗಬೇಕು. ಒಳಗೆ ಹನುಮಂತನ ಪಟ. ಅದಕ್ಕೆ ಕೈಮುಗಿದು, ವಸ್ತಾದರ ಕಾಲಿಗೆ ಎರಗಿದ ಮೇಲೆ ಅವನ ಕೈಗೆ ದೊರೆಯುತ್ತಿದ್ದುದು ಕರೇಲಿಯಲ್ಲ, ಗುದ್ದಲಿ. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಗೊಳಿಸಿದ ಕೆಮ್ಮಣ್ಣಿನ ಅಂಕಣವನ್ನು ಅಗೆದು ಹೆಂಟೆಯೊಡೆದು ಮೃದುಮಾಡುವುದು ಕಿರಿಯನ ಕೆಲಸ. ಹೀಗೆ ಅಗೆಯುತ್ತ ಅಗೆಯುತ್ತಲೇ ಅವನ ಭುಜಗಳು ತಿರುಗುತ್ತಿದ್ದವು, ಬೆನ್ನು ಕಾಯುತ್ತಿತ್ತು; ಇಂದು ವಾರ್ಮಪ್ ಎಂದು ಕರೆಯುವುದನ್ನು ಅವನು ಅರಿಯದೆಯೇ ಮಾಡಿ ಮುಗಿಸುತ್ತಿದ್ದ. ಅದಕ್ಕಿಂತ ಮಿಗಿಲಾದ ಇನ್ನೊಂದು ಪ್ರಯೋಜನವುಂಟು: ಬಂದ ಮೊದಲ ಗಳಿಗೆಯಿಂದಲೇ ಅವನಿಗೆ ಅಲ್ಲಿ ಒಂದು ಕೆಲಸವಿತ್ತು, ನಿಲ್ಲುವುದಕ್ಕೆ ಒಂದು ಸ್ಥಾನವಿತ್ತು, ಕೈಗಳನ್ನು ಏನು ಮಾಡಬೇಕೆಂಬ ಚಿಂತೆಯಿರಲಿಲ್ಲ. ಆಮೇಲೆ ಇಂತಿಷ್ಟು ದಂಡ, ಇಂತಿಷ್ಟು ಬೈಠಕ. ಎಣಿಕೆ ವಸ್ತಾದರದು, ಹುಡುಗನದಲ್ಲ. ತನಗಿಂತ ಒಂದು ವರ್ಷ ಮೊದಲು ಸೇರಿದವನು ಅವನ ಜೊತೆಗಾರನಾಗಿ ನಿಲ್ಲುತ್ತಿದ್ದ. ಕನ್ನಡಿ ಇರಲಿಲ್ಲ. ತಾನು ಹೇಗೆ ಕಾಣುತ್ತಿದ್ದೇನೆಂದು ಹುಡುಗನಿಗೆ ತಿಳಿಯುತ್ತಿದ್ದುದು ವಸ್ತಾದರ ಹುಬ್ಬಿನಿಂದ.

ಇಷ್ಟು ಹೇಳಿದ ಮಾತ್ರಕ್ಕೆ ಗರಡಿಯ ಕಾಲವೇ ಸತ್ಯಯುಗವೆಂದು ನಾನು ವಾದಿಸುತ್ತಿಲ್ಲ. ಆ ಗಿಡ್ಡ ಬಾಗಿಲು ಹೆಂಗಸರಿಗೆ ಎಂದೂ ತೆರೆಯಲಿಲ್ಲ. ಅನೇಕ ಊರುಗಳಲ್ಲಿ ಕೆಳಗಿನವರೆಂದು ದೂರವಿಟ್ಟ ಜಾತಿಗಳ ಹುಡುಗರಿಗೂ ತೆರೆಯಲಿಲ್ಲ. ಕೇರಿಗೊಂದು ತಾಲೀಮು ಇದ್ದುದರ ಹಿಂದೆ ಉತ್ಸಾಹದಷ್ಟೇ ಈ ಭೇದಭಾವವೂ ಇತ್ತೆಂಬುದನ್ನು ಮರೆಯಬಾರದು. ನಲವತ್ತೈದರ ಮಧುಮೇಹಿ ಗುಮಾಸ್ತನು ಹೋಗಿ ‘ನನಗೂ ಸಾಮು ಕಲಿಸಿರಿ’ ಎಂದಿದ್ದರೆ ವಸ್ತಾದರು ನಗುತ್ತಿದ್ದರೇನೋ. ಜಿಮ್ಮು ಶುಲ್ಕವನ್ನು ಕೇಳುತ್ತದೆ, ಕುಲವನ್ನು ಕೇಳುವುದಿಲ್ಲ. ಈ ಒಂದು ಗುಣಕ್ಕಾಗಿಯೇ ಅದರ ಇತರ ಅನೇಕ ದೋಷಗಳನ್ನು ಕ್ಷಮಿಸಲು ನಾನು ಸಿದ್ಧ. ಆದರೆ ಬಾಗಿಲನ್ನು ಎಲ್ಲರಿಗೂ ತೆರೆದವನು ಒಳಗೆ ಬಂದವನಿಗೆ ಮಣೆಯನ್ನೂ ಹಾಕಬೇಕಲ್ಲವೆ?

ಇಲ್ಲಿ ಕೆ.ವಿ. ಅಯ್ಯರ್ ಅವರ ನೆನಪಾಗುತ್ತದೆ. ‘ಶಾಂತಲಾ’, ‘ರೂಪದರ್ಶಿ’ಗಳ ಕರ್ತೃವೆಂದು ಕನ್ನಡ ವಾಚಕರು ಅವರನ್ನು ಬಲ್ಲರು, ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಎಂಬ ವ್ಯಾಯಾಮಶಾಲೆಯನ್ನು ಸ್ಥಾಪಿಸಿ, ಪಾಶ್ಚಾತ್ಯರ ಬಾರ್‌ಬೆಲ್ಲನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಒಂದೇ ಸೂರಿನ ಕೆಳಗೆ ಕಲಿಸಿದ ಗುರುವೆಂದು ಬಲ್ಲವರು ಈಗ ವಿರಳ. 1930ರ ಸುಮಾರಿಗೇ ಇಂಗ್ಲಿಷಿನಲ್ಲಿ ಅಂಗಸಾಧನೆಯ ಗ್ರಂಥವನ್ನು ಪ್ರಕಟಿಸಿದ ಅವರು ಅಂಚೆಯ ಮೂಲಕವೂ ವ್ಯಾಯಾಮವನ್ನು ಕಲಿಸುತ್ತಿದ್ದರು. ದೂರದ ಊರಿನ ಶಿಷ್ಯನು ಪತ್ರದಲ್ಲಿ ಬಂದ ಪಾಠವನ್ನು ಓದಿಕೊಂಡು ತನ್ನ ಮನೆಯ ಕೋಣೆಯಲ್ಲಿ, ಯಾರ ಕಣ್ಣಿಗೂ ಬೀಳದೆ, ಸಾಧನೆ ಮಾಡಬಹುದಿತ್ತು. ಲೋಕವೇ ಮೆಚ್ಚುವಂಥ ಅಂಗಸೌಷ್ಠವವಿದ್ದ ಆಚಾರ್ಯನು, ಅಂಗಿ ಬಿಚ್ಚಲು ನಾಚುವ ಶಿಷ್ಯನಿಗೂ ಒಂದು ದಾರಿಯನ್ನು ಇಟ್ಟಿದ್ದನೆಂಬುದು ನನಗೆ ಬಹಳ ಹಿಡಿಸುವ ಸಂಗತಿ. ಈಗ ಆ ಅಂಚೆಯ ಸ್ಥಾನದಲ್ಲಿ ಮೊಬೈಲಿನ ವಿಡಿಯೋ ಬಂದಿದೆ. ಆದರೆ ವಿಡಿಯೋದ ವೀರನು ನಮ್ಮ ಪತ್ರಕ್ಕೆ ಉತ್ತರ ಬರೆಯುವುದಿಲ್ಲ, ನಮ್ಮ ಮೊಣಕಾಲಿನ ನೋವನ್ನು ಕೇಳುವುದೂ ಇಲ್ಲ.

ಜಿಮ್ಮು ನಡೆಸುವವರು ಹೊಸಬನಿಗೆ ಸಲ್ಲಿಸಬೇಕಾದ ಋಣ ಬಹು ಸಣ್ಣದು: ಮೊದಲ ಹದಿನೈದು ದಿನ ಒಬ್ಬನು ಅವನ ಪಕ್ಕದಲ್ಲಿ ನಿಲ್ಲಬೇಕು. ಐದಾರು ಚಲನೆಗಳು ಸಾಕು. ಕುಳಿತೇಳುವುದು, ನೆಲದಿಂದ ಭಾರವನ್ನು ಎತ್ತುವುದು, ಎದೆಯಿಂದ ದೂಡುವುದು, ತನ್ನೆಡೆಗೆ ಎಳೆದುಕೊಳ್ಳುವುದು, ತಲೆಯ ಮೇಲಕ್ಕೆ ಏರಿಸುವುದು. ಹೊಲದಲ್ಲಿ ದುಡಿಯುವವರೂ ಎಪಿಎಂಸಿ ಪ್ರಾಂಗಣದ ಹಮಾಲರೂ ದಿನವೆಲ್ಲ ಮಾಡುವ ಚಲನೆಗಳೇ ಇವು. (ಹಮಾಲರು ಭಾರವೆತ್ತಿ ಹಣ ಪಡೆಯುತ್ತಾರೆ, ನಾವು ಹಣ ಕೊಟ್ಟು ಭಾರವೆತ್ತುತ್ತೇವೆಂದು ಯಾದಗಿರಿಯ ಅಡತಿಯಲ್ಲಿ ಯಾರಾದರೂ ನಕ್ಕರೆ ಅವರೊಡನೆ ನಕ್ಕುಬಿಡುವುದೇ ಲೇಸು.) ಹಗುರಾದ ತೂಕದಿಂದ ತೊಡಗಿ, ಇನ್ನೂ ಮೂರ್ನಾಲ್ಕು ಬಾರಿ ಎತ್ತಬಲ್ಲೆನೆನ್ನುವಾಗಲೇ ಕೆಳಗಿಡಬೇಕು. ಮೊದಲ ದಿನದ ಶ್ರಮದ ನೋವು ಅಂದೇ ತೋರುವುದಿಲ್ಲ. ಮರುದಿನ, ಅದರ ಮರುದಿನ ಅದು ಏರಿ, ಮೆಟ್ಟಿಲಿಳಿಯುವಾಗ ತೊಡೆ ಕೂಗುತ್ತದೆ. ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೊಸಬನು ತನಗೆ ಏನೋ ಮುರಿಯಿತೆಂದು ಬಗೆದು ಮನೆಯಲ್ಲಿ ಉಳಿಯುತ್ತಾನೆ. ನೋವು ಮಿತಿಮೀರಿ, ಮೂತ್ರದ ಬಣ್ಣ ಚಹದಂತೆ ಕಪ್ಪಾದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ಹುಮ್ಮಸ್ಸಿನಿಂದ ಒಂದೇ ದಿನ ಅತಿಮಾಡಿದವರಿಗೆ ಅಪರೂಪಕ್ಕೆ ಒದಗುವ, ಮೂತ್ರಪಿಂಡಕ್ಕೆ ಕುತ್ತು ತರುವ ಲಕ್ಷಣವದು. ಮೊದಲ ಕೆಲವು ವಾರಗಳಲ್ಲಿ ಬಲ ಹೆಚ್ಚಿದಂತೆ ತೋರಿದರೂ ತೋಳು ಬೆಳೆದಿರುವುದಿಲ್ಲ. ಇರುವ ಸ್ನಾಯುವನ್ನು ದುಡಿಸುವ ಬಗೆಯನ್ನು ನರಗಳು ಕಲಿತಿರುತ್ತವೆ, ಅಷ್ಟೆ. ಕನ್ನಡಿಯಲ್ಲಿ ಏನೂ ಕಾಣದೆಂದು ಬೇಸತ್ತು ಬಿಡುವವರಿಗೆ ಈ ಒಂದು ಮಾತನ್ನು ಗೋಡೆಯ ಮೇಲೆ ಬರೆಸಿದರೂ ನಷ್ಟವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದ ಪ್ರಮಾಣವೂ ಭಯಂಕರವಾದುದಲ್ಲ: ವಾರಕ್ಕೆ 150 ನಿಮಿಷದಿಂದ 300 ನಿಮಿಷದವರೆಗೆ ಸಾಧಾರಣ ಶ್ರಮ, ಎರಡು ದಿನವಾದರೂ ಸ್ನಾಯುಗಳಿಗೆ ಭಾರ.

ಸ್ತ್ರೀಯರ ವಿಷಯದಲ್ಲಿ ಇಷ್ಟು ಸಾಲದು. ಪೊಲೀಸ್ ನೇಮಕಾತಿಯಲ್ಲಿ 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕಾದ ಹಳ್ಳಿಯ ಹುಡುಗಿ ನಸುಕಿನಲ್ಲಿ ರಸ್ತೆಯ ಬದಿ ಓಡಿದರೆ ಮನೆಯವರಿಗೆ ಅಂಜಿಕೆ. ಜಿಮ್ಮಿಗೆ ಬಂದರೆ ಅಲ್ಲಿ ಗಂಡಸರದೇ ಸಂತೆ. ಗೃಹಿಣಿಯಂತೂ ಚೂಡಿದಾರದ ಮೇಲೆ ಓಡಬೇಕೋ, ಬೇರೆ ಉಡುಪು ತೊಡಬೇಕೋ ಎಂಬ ಮೊದಲ ಪ್ರಶ್ನೆಯಲ್ಲಿಯೇ ನಿಂತುಬಿಡುತ್ತಾಳೆ. ಬೆಳಗಿನ ಹತ್ತರಿಂದ ಹನ್ನೆರಡರವರೆಗೆ ಬಹುತೇಕ ಜಿಮ್ಮುಗಳು ಬಣಗುಟ್ಟುತ್ತಿರುತ್ತವೆ; ಆ ಅವಧಿಯನ್ನು ಹೆಂಗಸರಿಗೆಂದೇ ಮೀಸಲಿಟ್ಟು, ಕಲಿಸುವುದಕ್ಕೆ ಒಬ್ಬ ಹೆಣ್ಣುಮಗಳನ್ನು ನೇಮಿಸುವುದು ಉದಾರತೆಯೂ ಅಲ್ಲ, ಖರ್ಚೂ ಅಲ್ಲ; ಶುದ್ಧವಾದ ವ್ಯಾಪಾರ. ಉದ್ಯಾನಗಳಲ್ಲಿ ಬಯಲು ಜಿಮ್ಮಿನ ಉಪಕರಣಗಳನ್ನು ನೆಟ್ಟು ಉದ್ಘಾಟಿಸುವ ನಗರಸಭೆಗಳು, ಅವುಗಳ ಬಳಿ ವಾರಕ್ಕೆ ಎರಡು ಬಾರಿಯಾದರೂ ದೈಹಿಕ ಶಿಕ್ಷಕರೊಬ್ಬರನ್ನು ನಿಲ್ಲಿಸಿದರೆ ಮಕ್ಕಳ ಜೋಕಾಲಿಗಳಾಗಿ ಉಳಿದಿರುವ ಆ ಕಬ್ಬಿಣಕ್ಕೆ ಸಾರ್ಥಕತೆ ಬಂದೀತು.

ಡಬ್ಬಿಯ ಪುಡಿಯ ಮಾತನ್ನು ಬೇಗನೆ ಮುಗಿಸುತ್ತೇನೆ. ಹೊಸಬನ ಸಂಕೋಚವನ್ನು ಮಾರುಕಟ್ಟೆಯಾಗಿ ಮಾಡಿಕೊಂಡು, ಎರಡನೆಯ ದಿನವೇ ಸಾವಿರಾರು ರೂಪಾಯಿಯ ಪ್ರೊಟೀನ್ ಡಬ್ಬಿಯನ್ನು ಅವನ ಕೈಗಿಡುವವರಿದ್ದಾರೆ. ತೊಗರಿಯ ಕಣಜವೆನಿಸಿದ ಸೀಮೆಯಲ್ಲಿ ಇದು ವಿನೋದದ ವಿಷಯ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೊಟೀನ್ ಉಂಟು. ಎರಡು ಜ್ವಾರಿ ರೊಟ್ಟಿ, ಗಟ್ಟಿ ಬೇಳೆ, ಮಡಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಒಲ್ಲೆನೆನ್ನದವರಿಗೆ ಮೊಟ್ಟೆ, ಇಷ್ಟು ಇರುವ ಮನೆಯಲ್ಲಿ ಆರಂಭದ ಆರು ತಿಂಗಳು ಡಬ್ಬಿಯ ಅವಶ್ಯಕತೆ ಬೀಳದು. ಹೆಸರಿಲ್ಲದ ಗುಳಿಗೆ, ಸೂಜಿಗಳ ಮಾತೆತ್ತುವ ಟ್ರೇನರನಿಂದ ಶುಲ್ಕವನ್ನು ಹಿಂದಕ್ಕೆ ಕೇಳದೆಯೇ ಎದ್ದು ಬರತಕ್ಕದ್ದು.

ಕಡೆಗೆ, ಜಿಮ್ಮಿಗೆ ಸೇರಬೇಕೆಂದಿರುವ ಓದುಗರಲ್ಲಿ ಒಂದೆರಡು ಬಿನ್ನಹ. ಹಣ ಕಟ್ಟುವ ಮೊದಲು ಒಂದು ಸಂಜೆ ಹೋಗಿ ಸುಮ್ಮನೆ ಕುಳಿತು ನೋಡಿರಿ. ಅಲ್ಲಿಯ ಟ್ರೇನರ್ ಹೊಸಬರ ಹತ್ತಿರ ನಿಲ್ಲುತ್ತಾನೋ, ಫೋನಿನ ಹತ್ತಿರ ನಿಲ್ಲುತ್ತಾನೋ ಎಂಬುದನ್ನು ಗಮನಿಸಿ, ಎರಡನೆಯದಾದರೆ ಬೇರೆ ಕಡೆ ಹೋಗಿರಿ. ಸಕ್ಕರೆ, ರಕ್ತದೊತ್ತಡ, ಎದೆಯ ತೊಂದರೆಗಳಿದ್ದರೆ ವೈದ್ಯರನ್ನು ಕೇಳಿ, ಅವರು ಹೇಳಿದ್ದನ್ನು ಟ್ರೇನರಿಗೂ ತಿಳಿಸಿರಿ. ಮೂರು ತಿಂಗಳಿಗಲ್ಲ, ಒಂದೇ ತಿಂಗಳಿಗೆ ಹಣ ಕಟ್ಟಿರಿ. ಒಬ್ಬರೇ ಹೋಗುವುದಕ್ಕೆ ಮನಸ್ಸು ಹಿಂಜರಿದರೆ ಕಚೇರಿಯ ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿರಿ. ಹಿಂಜರಿಯುತ್ತಿರುವವರು ನಿಮ್ಮ ಪಕ್ಕದ ಮೇಜಿನಲ್ಲಿಯೂ ಇದ್ದಾರು. ಚೈತ್ರ ಕಳೆದರೆ ನಮ್ಮ ಕಡೆಯ ಬಿಸಿಲು 42 ಡಿಗ್ರಿಗೆ ಮುಟ್ಟುತ್ತದೆ, ತಗಡಿನ ಮಾಡಿನ ಕೆಳಗೆ ಸಂಜೆಯೂ ಕುಲುಮೆಯೇ. ಬೆಳಗಿನ ಆರಕ್ಕೆ ಹೋಗಿರಿ. ಆಗ ಜನವೂ ಕಡಮೆ, ಬಿಸಿಲೂ ಕಡಮೆ, ಏನಾದರೂ ಕೇಳಿದರೆ ಉತ್ತರ ಹೇಳುವಷ್ಟು ಪುರುಸೊತ್ತೂ ಟ್ರೇನರಿಗೆ ಇರುತ್ತದೆ.